‘ರಿವರ್ಟ್’ ಅಂದ್ರೆ ಉತ್ತರ ಕೊಡೋದಾ, ಹಿಂದಕ್ಕೆ ಹೋಗೋದಾ? ಅನುಭವ ಇದ್ದವರು ಹೇಳಿ

ಮಂಜೇಶ್ವರದಿಂದ ಕೇಳ್ತಿದ್ದೇನೆ. ಮಗಳು ನರ್ಸ್. ಐರ್ಲೆಂಡಿನ ಆಸ್ಪತ್ರೆಯೊಂದಕ್ಕೆ ಕೆಲಸ ಕೇಳಿ ಮೇಲ್ ಬರೆದು, ಕೊನೆಗೆ ‘ಕೈಂಡ್ಲಿ ರಿವರ್ಟ್’ ಅಂತ ಹಾಕಿದ್ದಾಳೆ. ಅಳಿಯ ತಪ್ಪು ಅಂತಾನೆ. ನಾಳೆ ಕಳಿಸಬೇಕು. ಇಡೋದಾ, ತೆಗೆಯೋದಾ?

ಉಪ್ಪಳದವ, ಈಗ ದುಬೈ: ಆ ಶಬ್ದ ಎತ್ತಬೇಡಿ ಮಾರಾಯ್ರೆ. 2014ರಲ್ಲಿ ನಾನು ಪೈಪ್ ಅಂಗಡಿಯಲ್ಲಿ ಸೇಲ್ಸ್. ಒಬ್ಬ ಇಂಗ್ಲೆಂಡಿನ ಗಿರಾಕಿ ಹಳೇ ರೇಟಿಗೆ ವಾಲ್ವ್ ಕೊಡ್ತೀರಾ ಅಂತ ಕೇಳಿದ್ದ. ಧಣಿಯ ಹತ್ತಿರ ಕೇಳಿ ತಿಳಿಸ್ತೇನೆ ಅನ್ನೋ ಅರ್ಥದಲ್ಲಿ ‘ವಿ ವಿಲ್ ರಿವರ್ಟ್ ಟು ದ ಓಲ್ಡ್ ರೇಟ್ ಬೈ ಥರ್ಸ್‌ಡೇ’ ಅಂತ ಬರೆದೆ. ಗುರುವಾರದಿಂದ ಹಳೇ ರೇಟು ಅಂತ ಅವನು ಆರ್ಡರ್ ಹಾಕಿಯೇ ಬಿಟ್ಟ! 11 ದಿರ್ಹಮಿನದ್ದು 9.50ಕ್ಕೆ, 800 ಪೀಸು. 1,200 ದಿರ್ಹಮ್ ನನ್ನ ಸಂಬಳದಿಂದ ಹೋಯ್ತು, ತಿಂಗಳಿಗೆ 300ರ ಹಾಗೆ. ಆ ವರ್ಷ ಓಣಂಗೂ ಊರಿಗೆ ಬರಲಿಲ್ಲ.

ಬದಿಯಡ್ಕ ಟೀಚರ್: 22 ವರ್ಷ ಇಂಗ್ಲಿಷ್ ಕಲಿಸಿದವಳು ನಾನು. ಲ್ಯಾಟಿನ್ನಿನಲ್ಲಿ ‘ರೆ’ ಅಂದ್ರೆ ಹಿಂದಕ್ಕೆ, ‘ವೆರ್ತೆರೆ’ ಅಂದ್ರೆ ತಿರುಗಿಸು. ಆಸ್ತಿ ಮೂಲ ಒಡೆಯನಿಗೆ ರಿವರ್ಟ್ ಆಗ್ತದೆ, ಮನುಷ್ಯ ಬಿಟ್ಟ ಚಟಕ್ಕೆ ರಿವರ್ಟ್ ಆಗ್ತಾನೆ. ‘ರಿವರ್ಟ್ ಬ್ಯಾಕ್’ ಅಂತೂ ‘ನಡು ಸೆಂಟರ್’ ಅಂದ ಹಾಗೆ. ಶಾಲೆಯ ನೋಟಿಸಿನಲ್ಲಿ ಅದನ್ನು ಕೆಂಪು ಪೆನ್ನಿನಲ್ಲಿ ತಿದ್ದಿದ್ದಕ್ಕೆ ಹೆಡ್‌ಮಾಸ್ಟರು ಒಂದು ವರ್ಷ ನನ್ನ ಜೊತೆ ಮಾತು ಬಿಟ್ಟರು. ಇವತ್ತಿಗೂ ಬೇಸರ ಇಲ್ಲ.

ಪೆರ್ಲದವ: ಟೀಚರ್, ಹೊಸ ಡಿಕ್ಷನರಿ ತೆಗೆದು ನೋಡಿ. ಭಾರತದ ಇಂಗ್ಲಿಷ್ ಅಂತ ಗುರುತು ಹಾಕಿ ‘ಉತ್ತರಿಸು’ ಅನ್ನೋ ಅರ್ಥವನ್ನೂ ಕೊಟ್ಟಿದ್ದಾರೆ. ಸಿಂಗಾಪುರದಲ್ಲೂ ಹಾಗೇ ಬರೀತಾರೆ. ನಾನು ಬ್ಯಾಂಕಿನಲ್ಲಿ 31 ವರ್ಷ ‘ಪ್ಲೀಸ್ ರಿವರ್ಟ್’ ಬರೆದೇ ರಿಟೈರ್ ಆದವ. ಯಾವ ಬ್ರಾಂಚೂ ಹಿಂದಕ್ಕೆ ಹೋಗಲಿಲ್ಲ.

ಬದಿಯಡ್ಕ ಟೀಚರ್: ಬ್ಯಾಂಕಿನವರ ಇಂಗ್ಲಿಷ್ ಗೊತ್ತುಂಟು ಬಿಡಿ.

ಕುಂಬಳೆ ಹುಡುಗ: ನಮ್ಮ ಸಾಫ್ಟ್‌ವೇರಿನಲ್ಲಿ ರಿವರ್ಟ್ ಅಂದ್ರೆ ಮಾಡಿದ ಬದಲಾವಣೆಯನ್ನು ರದ್ದು ಮಾಡೋದು. ಕೆಲಸಕ್ಕೆ ಸೇರಿ ಎರಡನೇ ವಾರ, ಮ್ಯಾನೇಜರ್ ‘ಚೆಕ್ ಆಂಡ್ ರಿವರ್ಟ್’ ಅಂತ ಒಂದು ಸಾಲು ಕಳಿಸಿದರು. ಮಾಡಿದೆ. ನಾಲ್ಕು ಜನರ ಮೂರು ದಿನದ ಕೆಲಸ ಮಾಯ! ಎಲ್ಲ ವಾಪಸ್ ಜೋಡಿಸುವಾಗ ರಾತ್ರಿ ಒಂದೂವರೆ. ಊಟಕ್ಕೆ ಎರಡು ಬಾಳೆಹಣ್ಣು.

ಮುಳ್ಳೇರಿಯದವ: ಇದೆಲ್ಲ ಮಲಯಾಳದ ಕೊಡುಗೆ. ಅವರಲ್ಲಿ ಉತ್ತರಕ್ಕೆ ‘ಮರುಪಡಿ’. ಆ ‘ಮರು’ವೇ ‘ರಿ’ ಆದದ್ದು.

ಪೆರ್ಲದವ: ಪಂಜಾಬಿನವನೂ ರಿವರ್ಟ್ ಅಂತಲೇ ಬರೀತಾನೆ, ಅವನಿಗೆ ಯಾವ ಮಲಯಾಳ? ಎಲ್ಲದಕ್ಕೂ ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದ 1956 ಎಳೀಬೇಡಿ.

ಮುಳ್ಳೇರಿಯದವ: ಎಳೆದದ್ದು ನೀವು! ಕನ್ನಡ ಮಾಧ್ಯಮದ ಮಕ್ಕಳಿಗೆ ಕನ್ನಡವೇ ಬಾರದ ಟೀಚರನ್ನು ಹಾಕಿದಾಗ ನೀವು ಎಲ್ಲಿದ್ದಿರಿ?

ಪೆರ್ಲದವ: ಬ್ಯಾಂಕಿನಲ್ಲಿ.

ಮಂಜೇಶ್ವರದಿಂದ: ಸ್ವಾಮಿ, ನಾನು ಕೇಳಿದ್ದು ಐರ್ಲೆಂಡಿನ ವಿಷಯ. ಮಗಳು ಆ ಸಾಲು ತೆಗೆದು ‘ಐ ಲುಕ್ ಫಾರ್ವರ್ಡ್ ಟು ಯುವರ್ ರಿಪ್ಲೈ’ ಅಂತ ಹಾಕಿ ಕಳಿಸಿ ಆಯ್ತು.

ಪೆರ್ಲದವ: ಒಳ್ಳೇದಾಯ್ತು. ರಿವರ್ಟ್ ಬಂದ ಕೂಡಲೇ ಇಲ್ಲಿ ತಿಳಿಸಿ.