ರಸ್ಟ್: ರೆಸ್ಪಾನ್ಸ್ ಬಾಡಿಯಲ್ಲಿ ಕನ್ನಡ ಅಕ್ಷರ ಒಡೆಯುತ್ತಿದೆ, 404 ಬಂದರೂ ಎರರ್ ಇಲ್ಲ

ಬೈಟು_ಕಾಫಿ

ರಸ್ಟ್‌ನ ಎಚ್‌ಟಿಟಿಪಿ ಲೈಬ್ರರಿ ರೆಕ್ವೆಸ್ಟ್ ಕ್ರೇಟ್ 0.12, ಅಸಿಂಕ್ (ಕಾಯುವಾಗ ಬೇರೆ ಕೆಲಸಕ್ಕೆ ಬಿಡುವ) ರನ್‌ಟೈಮ್ ಟೋಕಿಯೋ ಮೇಲೆ. ಒಂದು ಎಪಿಐನಿಂದ ಕನ್ನಡ ಪಠ್ಯ ತರಿಸಿ ಫೈಲಿಗೆ ಬರೆಯಬೇಕು. ಕೆಲವು 50 ಎಂಬಿವರೆಗೆ ಇರುವುದರಿಂದ ಬಾಡಿಯನ್ನು ಒಟ್ಟಿಗೇ ತರುವ `ಟೆಕ್ಸ್ಟ್()` ಬಿಟ್ಟು, ತುಂಡು ತುಂಡಾಗಿ ಕೊಡುವ `ಚಂಕ್()` ಲೂಪ್ ಹಾಕಿದ್ದೇನೆ. ಪ್ರತಿ ಚಂಕನ್ನೂ `ಫ್ರಮ್_ಯುಟಿಎಫ್8_ಲಾಸಿ`ಗೆ (ಬೈಟ್‌ಗಳನ್ನು ಪಠ್ಯವಾಗಿಸಿ, ಆಗದ ಕಡೆ ಬದಲಿ ಚಿಹ್ನೆ ಹಾಕುವ ಫಂಕ್ಷನ್) ಕೊಟ್ಟು ಬರೆದರೆ ಅಲ್ಲಲ್ಲಿ ಪ್ರಶ್ನೆಚಿಹ್ನೆಯಿರುವ ಕಪ್ಪು ಚೌಕ ಬರುತ್ತದೆ, ಅದೂ ಪ್ರತಿ ಸಲ ಬೇರೆ ಜಾಗದಲ್ಲಿ. ಕರ್ಲ್ ಎಂಬ ಕಮಾಂಡ್ ಟೂಲ್‌ನಲ್ಲಿ ಎಲ್ಲ ಸರಿ.

ಇನ್ನೊಂದು: ಇಲ್ಲದ ಐಡಿ ಕೇಳಿದರೆ ಸರ್ವರ್ 404 ಕೊಡುತ್ತದೆ, ಆದರೂ `ಸೆಂಡ್()` ಓಕೆ ಅನ್ನುತ್ತದೆ. ಮುಂದೆ `ಜೇಸನ್()` ಡಿಕೋಡ್ ಎರರ್ ಕೊಡುತ್ತದೆ. ಸರ್ವರ್ ಏನು ಕಳಿಸಿತ್ತು ಅಂತ ನೋಡೋಣವೆಂದು ಆಮೇಲೆ `ಟೆಕ್ಸ್ಟ್()` ಕರೆದರೆ, ರೆಸ್ಪಾನ್ಸ್ ಮೂವ್ ಆಗಿದೆ (ಒಡೆತನ ಬೇರೆಡೆ ಹೋಗಿದೆ) ಎಂದು ಕಂಪೈಲರ್ ತಡೆಯುತ್ತದೆ.

ಎರವಲುಗಾರ

ಎರಡನೆಯದನ್ನು ಮೊದಲು ಮುಗಿಸೋಣ. `ಸೆಂಡ್()` ದೃಷ್ಟಿಯಲ್ಲಿ 404 ಸೋಲಲ್ಲ. ಕೇಳಿದ್ದಕ್ಕೆ ಸರ್ವರ್ ಉತ್ತರ ಕೊಟ್ಟಿತಲ್ಲ, ಅದರ ಕೆಲಸ ಅಲ್ಲಿಗೆ ಮುಗಿಯಿತು. ಸಂಪರ್ಕ ಸಿಗದಿದ್ದರೆ, ಟೈಮ್‌ಔಟ್ ಆದರೆ, ರೀಡೈರೆಕ್ಟ್ 10ರ ಮಿತಿ ದಾಟಿದರೆ ಮಾತ್ರ ಎರರ್.

`ಎರರ್_ಫಾರ್_ಸ್ಟೇಟಸ್()` ಸೇರಿಸಿ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಅದು ಅಷ್ಟು ಹಿಡಿಸುವುದಿಲ್ಲ. 400ರಿಂದ 599ರವರೆಗಿನದನ್ನು ಎರರ್ ಮಾಡುತ್ತದೆ ನಿಜ, ಆದರೆ ಆ ಎರರ್ ಒಳಗೆ ಬಾಡಿ ಇರುವುದಿಲ್ಲ. "ಐಡಿ ತಪ್ಪು" ಎಂದು ಸರ್ವರ್ ಬರೆದ ಸಾಲು ಅಲ್ಲೇ ಕಳೆದುಹೋಗುತ್ತದೆ. 204 (ವಿಷಯವಿಲ್ಲ), 304 (ಬದಲಾಗಿಲ್ಲ) ಎರಡನ್ನೂ ಅದು ತಡೆಯುವುದಿಲ್ಲ. ಅವುಗಳಲ್ಲಿ ಬಾಡಿಯೇ ಇರುವುದಿಲ್ಲವಾದ್ದರಿಂದ `ಜೇಸನ್()` ಮೊದಲ ಸಾಲಿನಲ್ಲೇ ಮುಗ್ಗರಿಸುತ್ತದೆ.

`ಜೇಸನ್()`, `ಟೆಕ್ಸ್ಟ್()`, `ಬೈಟ್ಸ್()` ಮೂರೂ ರೆಸ್ಪಾನ್ಸನ್ನು ಎರವಲು ಪಡೆಯುವುದಿಲ್ಲ, ನುಂಗಿಬಿಡುತ್ತವೆ. ಬಾಡಿ ಸಾಕೆಟ್‌ನಿಂದ ಒಂದೇ ಸಲ ಹರಿದು ಬರುವಂಥದ್ದು, ಹಿಂದಕ್ಕೆ ತಿರುಗಿಸಲು ಆಗದು. ಕಂಪೈಲರ್ ಹೇಳುತ್ತಿರುವುದು ಇದನ್ನೇ. ಚಿಕ್ಕ ಉತ್ತರಗಳಿಗೆ ಹೀಗೆ ಮಾಡಿ: ಮೊದಲು `ಸ್ಟೇಟಸ್()` ತೆಗೆದಿಟ್ಟುಕೊಳ್ಳಿ (ಕಾಪಿ ಟೈಪ್, ಅಂದರೆ ಸುಮ್ಮನೆ ನಕಲಾಗುತ್ತದೆ, ತೊಂದರೆಯಿಲ್ಲ). ಹೆಡರ್ ಬೇಕಿದ್ದರೆ ಅದನ್ನೂ ಆಗಲೇ ಕ್ಲೋನ್ ಮಾಡಿ. ಆಮೇಲೆ `ಬೈಟ್ಸ್()`. ಸ್ಟೇಟಸ್ 200ರಿಂದ 299ರೊಳಗಿನದಲ್ಲದಿದ್ದರೆ ಸ್ಟೇಟಸ್, ಬಾಡಿ ಎರಡನ್ನೂ ನಿಮ್ಮದೇ ಎರರ್ ಟೈಪಿಗೆ ತುಂಬಿ. ಸರಿಯಿದ್ದರೆ ಅವೇ ಬೈಟ್‌ಗಳನ್ನು ಜೇಸನ್ ಓದುವ ಕ್ರೇಟ್ ಸರ್ಡೆ_ಜೇಸನ್‌ನ `ಫ್ರಮ್_ಸ್ಲೈಸ್`ಗೆ ಕೊಡಿ. ಪಾರ್ಸ್ ಸೋತರೂ ಮೂಲ ಬೈಟ್‌ಗಳು ಕೈಯಲ್ಲಿರುತ್ತವೆ. ಇನ್ನೊಂದು ಮಾತು: `ಜೇಸನ್()` ಕಂಟೆಂಟ್-ಟೈಪ್ ನೋಡುವುದೇ ಇಲ್ಲ. ನಡುವಿನ ಪ್ರಾಕ್ಸಿ 200 ಜೊತೆ ಎಚ್‌ಟಿಎಂಎಲ್ ಲಾಗಿನ್ ಪುಟ ಕಳಿಸಿದರೂ ನಿಮಗೆ ಕಾಣುವುದು ಡಿಕೋಡ್ ಎರರ್ ಮಾತ್ರ.

ಹಳೇ_ಸಾಕೆಟ್

ಅಕ್ಷರ ಒಡೆಯುವ ವಿಷಯ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಕೋಡ್‌ಪಾಯಿಂಟ್‌ಗೂ (ಯೂನಿಕೋಡ್ ಒಂದೊಂದು ಚಿಹ್ನೆಗೆ ಕೊಟ್ಟ ಸಂಖ್ಯೆ) 3 ಬೈಟ್. 'ಕ' ಅಂದರೆ 224, 178, 149. 'ಕನ್ನಡ' ಎಂಬ ಪದದಲ್ಲಿ ಕೋಡ್‌ಪಾಯಿಂಟ್ 5, ಬೈಟ್ 15. `ಚಂಕ್()` ಕೊಡುವುದು ನೆಟ್‌ವರ್ಕ್‌ನಿಂದ ಆ ಹೊತ್ತಿಗೆ ಸಿಕ್ಕಷ್ಟು ಬೈಟ್. ಅಕ್ಷರ ಎಲ್ಲಿ ಮುಗಿಯಿತು ಎಂಬುದು ಅದಕ್ಕೆ ಗೊತ್ತಿಲ್ಲ. 224, 178 ಈ ಚಂಕಿನ ಕೊನೆಗೆ, 149 ಮುಂದಿನದರ ತಲೆಗೆ ಬಿದ್ದರೆ ಲಾಸಿ ಎರಡೂ ಕಡೆ ಬದಲಿ ಚಿಹ್ನೆ ಹಾಕುತ್ತದೆ. ಬರೀ ಇಂಗ್ಲಿಷ್ ಪಠ್ಯದಲ್ಲಿ ಪರೀಕ್ಷಿಸಿದರೆ ಈ ಬಗ್ ಯಾವತ್ತೂ ಕಾಣಿಸದು.

ಆದರೆ ಫೈಲಿಗೆ ಬರೆಯುವವರಿಗೆ ಡಿಕೋಡ್ ಯಾಕೆ ಬೇಕು? ಚಂಕನ್ನು ಹಾಗೇ `ರೈಟ್_ಆಲ್`ಗೆ ಕೊಡಿ, ಕೊನೆಗೆ `ಫ್ಲಶ್` ಮರೆಯಬೇಡಿ. ಕರ್ಲ್ ಕೂಡ ಬೈಟ್‌ಗಳನ್ನು ಇದ್ದಂತೆಯೇ ದಾಟಿಸುತ್ತದೆ.

ಪ್ರೋಗ್ರಾಮಿನೊಳಗೇ ಪಠ್ಯ ಬೇಕಿದ್ದರೆ ಒಂದು ಬೈಟ್ ವೆಕ್ಟರ್ ಇಟ್ಟುಕೊಂಡು ಪ್ರತಿ ಚಂಕನ್ನೂ ಅದರ ಬಾಲಕ್ಕೆ ಸೇರಿಸಿ, ಲಾಸಿ ಅಲ್ಲದ `ಫ್ರಮ್_ಯುಟಿಎಫ್8` ಕರೆಯಿರಿ. ಎರರ್ ಬಂದರೆ `ವ್ಯಾಲಿಡ್_ಅಪ್_ಟು()`ವರೆಗಿನ ಬೈಟ್‌ಗಳು ಸರಿಯಾದವು, ಬಳಸಿ ತೆಗೆದುಹಾಕಿ. `ಎರರ್_ಲೆನ್()` 'ನನ್' (None, ಮೌಲ್ಯವಿಲ್ಲ) ಆಗಿದ್ದರೆ ಅಕ್ಷರ ಅರ್ಧಕ್ಕೆ ನಿಂತಿದೆ ಎಂದರ್ಥ. ಉಳಿದ ಒಂದೆರಡು ಬೈಟ್ ಮುಂದಿನ ಚಂಕಿಗೆ ಕಾಯಲಿ. 'ಸಮ್' (Some, ಮೌಲ್ಯವಿದೆ) ಆಗಿದ್ದರೆ ದತ್ತಾಂಶವೇ ಕೆಟ್ಟಿದೆ, ಕಾದು ಪ್ರಯೋಜನವಿಲ್ಲ. ಲೂಪ್ ಮುಗಿದ ಮೇಲೂ ವೆಕ್ಟರ್‌ನಲ್ಲಿ ಏನಾದರೂ ಉಳಿದಿದ್ದರೆ ಅದೂ ಎರರ್.

ಬೈಟು_ಕಾಫಿ

ಬೈಟ್ ನೇರ ಬರೆದೆ, ಸರಿಹೋಯಿತು. ಆದರೆ ಎರರ್ ಬಾಡಿಯ ಮೊದಲ 200 ಬೈಟ್ ಲಾಗ್ ಮಾಡಲು ಸ್ಟ್ರಿಂಗ್ ಸ್ಲೈಸ್ ಹಾಕಿದರೆ ಪ್ಯಾನಿಕ್ (ಪ್ರೋಗ್ರಾಮ್ ಅಲ್ಲೇ ಬೀಳುತ್ತದೆ). ದೊಡ್ಡ ಫೈಲುಗಳು ನಡುವೆ ಟೈಮ್‌ಔಟ್ ಕೂಡ ಆಗುತ್ತಿವೆ, ಮಿತಿ 30 ಸೆಕೆಂಡ್ ಇಟ್ಟಿದ್ದೇನೆ.

ಹಳೇ_ಸಾಕೆಟ್

ಪ್ಯಾನಿಕ್‌ಗೂ ಕಾರಣ ಅದೇ. ಸ್ಟ್ರಿಂಗನ್ನು ಅಕ್ಷರದ ನಡುವೆ ಕತ್ತರಿಸುವಂತಿಲ್ಲ, 200 ಮೂರರಿಂದ ಭಾಗವಾಗುವುದಿಲ್ಲ. 198 ಇಟ್ಟರೆ ಆಯ್ತಲ್ಲ ಅನ್ನಬೇಡಿ, ನಡುವೆ ಒಂದು ಸ್ಪೇಸ್ ಬಂದರೂ ಲೆಕ್ಕ ತಪ್ಪುತ್ತದೆ. `ಚಾರ್ಸ್().ಟೇಕ್(200)` ಬಳಸಿ. ಅದು 'ಕ್ಷ'ವನ್ನು 3 ಎಂದು ಎಣಿಸುತ್ತದೆ, ಕೊನೆಯಲ್ಲಿ ಒತ್ತಕ್ಷರ ಕಳಚಬಹುದು. ಲಾಗ್‌ಗೆ ಅಷ್ಟು ಸಾಕು.

ಎರವಲುಗಾರ

`ಟೈಮ್‌ಔಟ್()` ಲೆಕ್ಕ ಹಿಡಿಯುವುದು ಸಂಪರ್ಕ ಶುರುವಾದಾಗಿನಿಂದ ಬಾಡಿಯ ಕೊನೇ ಬೈಟ್‌ವರೆಗೆ. 50 ಎಂಬಿ 30 ಸೆಕೆಂಡಿನಲ್ಲಿ ಮುಗಿಯಬೇಕಾದರೆ ಸೆಕೆಂಡಿಗೆ 13 ಮೆಗಾಬಿಟ್‌ಗಿಂತ ಹೆಚ್ಚು ವೇಗ ಸತತವಾಗಿ ಬೇಕು. ಅದನ್ನು ತೆಗೆದು ಕ್ಲೈಂಟ್ ಬಿಲ್ಡರ್‌ನಲ್ಲಿ `ಕನೆಕ್ಟ್_ಟೈಮ್‌ಔಟ್` 10 ಸೆಕೆಂಡ್, `ರೀಡ್_ಟೈಮ್‌ಔಟ್` 30 ಸೆಕೆಂಡ್ ಇಡಿ. ಎರಡನೆಯದು ಪ್ರತಿ ಓದಿನ ನಂತರ ಮೊದಲಿಂದ ಎಣಿಸುತ್ತದೆ, ಹಾಗಾಗಿ ನಿಧಾನದ ಲೈನ್ ಬದುಕುತ್ತದೆ, ಸತ್ತ ಲೈನ್ ಮಾತ್ರ ಕಡಿಯುತ್ತದೆ. ಎರಡನ್ನೂ ಇಡದಿದ್ದರೆ ಅಸಿಂಕ್ ಕ್ಲೈಂಟ್‌ಗೆ ಡೀಫಾಲ್ಟ್ ಮಿತಿಯೇ ಇಲ್ಲ. ಉತ್ತರ ಬರುವವರೆಗೆ ಕಾದು ನಿಲ್ಲುವ ಬ್ಲಾಕಿಂಗ್ ಕ್ಲೈಂಟ್‌ಗೆ 30 ಸೆಕೆಂಡ್ ಇದೆ, ಅಲ್ಲಿಂದ ಕೋಡ್ ತಂದವರು ಇಲ್ಲಿ ಎಡವುತ್ತಾರೆ.

ಗಾತ್ರದ ಮಿತಿಯನ್ನು `ಕಂಟೆಂಟ್_ಲೆಂಗ್ತ್()` ನಂಬಿ ಹಾಕಬೇಡಿ. ಜಿಜಿಪ್ (ಕುಗ್ಗಿಸಿದ ರೂಪ) ಬಿಚ್ಚಿದ ಉತ್ತರಕ್ಕೆ ಅದು 'ನನ್'. ಚಂಕ್ ಲೂಪಿನಲ್ಲೇ ಬೈಟ್ ಎಣಿಸಿ, ಮೀರಿದರೆ ನಿಲ್ಲಿಸಿ. ಅರ್ಧ ಬರೆದ ಫೈಲನ್ನು ಅಳಿಸುವುದು ನಿಮ್ಮದೇ ಕೆಲಸ. ಬೇರೆ ಹೆಸರಿನಲ್ಲಿ ಬರೆದು, ಪೂರ್ತಿ ಬಂದ ಮೇಲೆ ರೀನೇಮ್ ಮಾಡಿದರೆ ಆ ತಲೆನೋವೂ ಕಡಿಮೆ.