ಡ್ರಮ್‌ಹೆಲ್ಲರ್‌ಗೆ ಒಂದು ದಿನ ಸಾಕಾ? ಹೋಗಿ ಬಂದವರು ಹೇಳಿ

ಊರಿಂದ ಅಪ್ಪ ಅಮ್ಮ ಬಂದಿದ್ದಾರೆ. ಶನಿವಾರ ಇಲ್ಲಿ ಕೆನಡಾದ ಕ್ಯಾಲ್ಗರಿಯಿಂದ ಹೊರಟು ಡ್ರಮ್‌ಹೆಲ್ಲರ್ ಮ್ಯೂಸಿಯಂ, ಆಮೇಲೆ ಬ್ರೂಕ್ಸ್ ಹತ್ತಿರದ ಡೈನೋಸಾರ್ ಪಾರ್ಕ್, ರಾತ್ರಿ ಮನೆಗೆ ವಾಪಸ್. ಅಮ್ಮನಿಗೆ ಮೊಣಕಾಲು ನೋವು, ಮಗನಿಗೆ 6 ವರ್ಷ, ಡೈನೋಸಾರ್ ಹುಚ್ಚು. ಆಗುತ್ತದಾ?

— ಎರಡೂ ಬೇಡ. ನಾವೂ ಅವು ಅಕ್ಕಪಕ್ಕ ಇರಬೇಕು ಅಂದುಕೊಂಡೇ ಹೊರಟಿದ್ದೆವು. ಡ್ರಮ್‌ಹೆಲ್ಲರ್‌ನಿಂದ ಆ ಪಾರ್ಕಿಗೆ ಸುಮಾರು ಎರಡು ಗಂಟೆ ದಾರಿ. ಮುಟ್ಟುವಷ್ಟರಲ್ಲಿ ಸಂಜೆಯಾಗಿತ್ತು, ಮಕ್ಕಳು ನಿದ್ದೆ ಹೋಗಿದ್ದರು, ನಾನೂ ನಮ್ಮೆಜಮಾನರೂ ಜಗಳ ಆಡಿ ಮುಗಿಸಿದ್ದೆವು. 1979ರಿಂದ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಯಲ್ಲಿರುವ ಜಾಗ ಅದು, ಅದಕ್ಕೆ ಬೇರೆ ದಿನ ಇಡಿ.

— ಮೇಲಿನವರು ಹೇಳಿದ್ದು ನಿಜ. ನಾನು ನಾಲ್ಕು ಸಲ ಹೋಗಿದ್ದೇನೆ, ಮನೆಗೆ ಯಾವ ನೆಂಟರು ಬಂದರೂ ಅಲ್ಲಿಗೇ ಸವಾರಿ. ಏಳಕ್ಕೆ ಹೊರಡಿ, ಒಂದೂವರೆ ಗಂಟೆ ದಾರಿ. ಊರಿಗೆ 17 ಕಿ.ಮೀ. ಮುಂಚೆ ಹಾರ್ಸ್‌ಶೂ ಕ್ಯಾನ್ಯನ್ ಸಿಗುತ್ತದೆ, ಮೊದಲು ಅಲ್ಲಿ ನಿಲ್ಲಿಸಿ. ಅಲ್ಲಿವರೆಗೂ ಬರೀ ಚಪ್ಪಟೆ ಹೊಲ, ಅಪ್ಪ "ಇದೇನು ನೋಡೋಕೆ ಕರ್ಕೊಂಡು ಬಂದ್ಯೋ" ಅಂತಾರೆ, ಅಷ್ಟರಲ್ಲಿ ನೆಲ ಬಾಯಿ ಬಿಟ್ಟ ಹಾಗೆ ಕಣಿವೆ! ಕಾರು ನಿಲ್ಲಿಸುವ ಕಡೆಯಿಂದಲೇ ಕಾಣುತ್ತದೆ, ಅಮ್ಮ ಇಳಿಯಲೇಬೇಕಾಗಿಲ್ಲ. ಬೂದು, ಕಂದು ಪದರಗಳ ನಡುವೆ ಕಪ್ಪು ಪಟ್ಟಿ ಕಾಣುತ್ತದಲ್ವಾ, ಅದು ಕಲ್ಲಿದ್ದಲು. 1884ರಲ್ಲಿ ಟಿರೆಲ್ ಅನ್ನುವವರು ಈ ಕಡೆ ಕಲ್ಲಿದ್ದಲು ಹುಡುಕುತ್ತಾ ಬಂದಾಗ ಸಿಕ್ಕಿದ್ದು ಡೈನೋಸಾರ್ ತಲೆಬುರುಡೆ. ಅದಕ್ಕೇ ಮ್ಯೂಸಿಯಂಗೆ ರಾಯಲ್ ಟಿರೆಲ್ ಅಂತ ಹೆಸರು.

ಬೇಸಿಗೆಯಲ್ಲಿ ಮಧ್ಯಾಹ್ನ ಅಲ್ಲಿ ಕಾವಲಿ ಮೇಲೆ ನಿಂತ ಹಾಗೆ, ಸುಡು ಬಿಸಿಲಿಗೆ ಮ್ಯೂಸಿಯಂ ಒಳಗಿರಿ. ಮೂರು ಗಂಟೆ ಬೇಕು. ಎಲ್ಲರೂ ಟಿ-ರೆಕ್ಸ್ ಮುಂದೆ ಗುಂಪು ಕಟ್ಟುತ್ತಾರೆ, ನೀವು ಮಾತ್ರ ಬೋರಿಯಲೋಪೆಲ್ಟಾ ಅನ್ನುವ ಡೈನೋಸಾರ್‌ನ ಪಳೆಯುಳಿಕೆ ಬಿಡಬೇಡಿ. 2011ರಲ್ಲಿ ಗಣಿ ಅಗೆಯುವಾಗ ಸಿಕ್ಕಿದ್ದು, ಸುಮಾರು 11 ಕೋಟಿ ವರ್ಷ ಹಳೆಯದು. ಬರೀ ಮೂಳೆ ಅಲ್ಲ, ಮೈಮೇಲಿನ ಗಟ್ಟಿ ಚಿಪ್ಪುಗಳೂ ಇದ್ದಲ್ಲೇ ಕೂತಿವೆ. ಮಲಗಿ ಎದ್ದೇಳುತ್ತದೇನೋ ಅನ್ನಿಸುತ್ತದೆ. ನನ್ನ ಮಾವನವರು ಅದರ ಮುಂದೆ ಇಪ್ಪತ್ತು ನಿಮಿಷ ಅಲ್ಲಾಡಲಿಲ್ಲ.

— ಮಳೆ ಬಂದಿದ್ದರೆ ಕಣಿವೆಗೆ ಇಳಿಯಲೇಬೇಡಿ! ಅಲ್ಲಿನ ಮಣ್ಣಲ್ಲಿ ಬೆಂಟೊನೈಟ್ ಜೇಡಿ ಇದೆ, ನೀರು ಕುಡಿದರೆ ಪಾಚಿ ಕಟ್ಟಿದ ಬಚ್ಚಲಿಗಿಂತ ಜಾಸ್ತಿ ಜಾರುತ್ತದೆ. ನಾನು ಕೂತ ಭಂಗಿಯಲ್ಲೇ ಹತ್ತಡಿ ಜಾರಿದೆ. ಪ್ಯಾಂಟು ಹೋಯಿತು, ಮರ್ಯಾದೆನೂ ಹೋಯಿತು.

— ಊರೊಳಗೆ 26 ಮೀಟರ್ ಎತ್ತರದ ಡೈನೋಸಾರ್ ಗೊಂಬೆ ಇದೆ, ಒಳಗೆ 106 ಮೆಟ್ಟಿಲು ಹತ್ತಿದರೆ ಬಾಯಲ್ಲಿ ನಿಂತು ಊರು ನೋಡಬಹುದು. ದೊಡ್ಡವರಿಗೆ ಏನೂ ಇಲ್ಲ, 6 ವರ್ಷದವನಿಗೆ ಅದೇ ಸ್ವರ್ಗ. ಅಮ್ಮ ಕೆಳಗೆ ಕೂರಲಿ. ಹೂಡೂ ಅನ್ನುವ ಕಲ್ಲಿನ ಕಂಬಗಳು ಅಲ್ಲಿಂದ ಸುಮಾರು 15 ಕಿ.ಮೀ., ತಲೆ ಮೇಲೆ ಗಟ್ಟಿ ಕಲ್ಲಿನ ಟೋಪಿ, ಕೆಳಗಿನ ಮೆತ್ತನೆ ಕಲ್ಲು ಸವೆದು ಅಣಬೆ ಹಾಗೆ ಕಾಣುತ್ತವೆ. ಸಂಜೆ ಹೋಗಿ. ಅದರ ಮೇಲೆ ಹತ್ತಿಸಬೇಡಿ, ಪ್ಲೀಸ್.

ಇನ್ನೊಂದು, ಮಗ ಮೂಳೆ ಚೂರು ಕಂಡು ಜೇಬಿಗೆ ಹಾಕಿಕೊಂಡರೆ ವಾಪಸ್ ಇಡಿಸಿ. ಪಾರ್ಕ್ ಜಾಗದಿಂದ ಪಳೆಯುಳಿಕೆ ಎತ್ತುವುದು ಕಾನೂನಿಗೆ ವಿರುದ್ಧ. ನನ್ನ ಮಗಳು ಅರ್ಧ ಗಂಟೆ ಅತ್ತಳು, ಫೋಟೋ ತೆಗೆದುಕೊಂಡು ಸಮಾಧಾನ ಮಾಡಿದೆವು.

— ಟೈಮ್ ಉಳಿದರೆ ಬ್ಲೇರಿಯೋ ಫೆರಿ. ರೆಡ್ ಡಿಯರ್ ನದಿ ದಾಟಿಸುತ್ತದೆ, ದುಡ್ಡಿಲ್ಲ. ಚಳಿಗಾಲದಲ್ಲಿ ಇರಲ್ಲ.

— ಕೇಳಿದವಳು: ಎಲ್ಲರಿಗೂ ಥ್ಯಾಂಕ್ಸ್. ಬ್ರೂಕ್ಸ್ ಕೈಬಿಟ್ಟೆವು. ಬುತ್ತಿಗೆ ಚಿತ್ರಾನ್ನ ಸಾಕಾ ಅಂತ ಅಮ್ಮ ಕೇಳ್ತಿದ್ದಾರೆ.

— ಮೊಸರನ್ನನೂ ಇಟ್ಕೊಳ್ಳಿ. ನೀರು ಜಾಸ್ತಿ.