1972ರ ಎಂಜಿಬಿಗೆ ಹೆಡರ್ ಹಾಕಿಸಲಾ, ಬೀಡಿನ ಮ್ಯಾನಿಫೋಲ್ಡೇ ಸಾಕಾ?

ಕೆಂಪುಬಿ72:

ಎಲ್ಲರಿಗೂ ನಮಸ್ಕಾರ. ನಾನಿರುವುದು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ. 1972ರ ಎಂಜಿಬಿ ರೋಡ್‌ಸ್ಟರ್ ಇದೆ, ಎಂಜಿ ಕಂಪನಿಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು. 1798 ಸಿಸಿ ಎಂಜಿನ್, ಜೋಡಿ ಎಸ್‌ಯು ಕಾರ್ಬುರೇಟರ್, ಒಳಗೆ ಕ್ಯಾಮ್ ಗೀಮ್ ಯಾರೂ ಮುಟ್ಟಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಟಿಕ್ ಟಿಕ್ ಅಂತ ಸದ್ದು, ಎರಡು ಮೈಲಿ ಹೋಗಿ ಬಿಸಿಯಾದ ಮೇಲೆ ಮಾಯ. ಟ್ಯಾಪೆಟ್ (ವಾಲ್ವ್ ಸಂದು) ಇರಬೇಕು ಅಂದುಕೊಂಡು ಒಂದು ಭಾನುವಾರ ಪೂರ್ತಿ ಅದನ್ನೇ ಸೆಟ್ ಮಾಡಿದೆ, ಸುಮ್ನೆ ಸೊಂಟ ನೋವು ಬಂದಿದ್ದಷ್ಟೇ ಲಾಭ. ಆಮೇಲೆ ನೋಡಿದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್, ಅಂದರೆ ಎಂಜಿನ್ನಿನ ಹೊಗೆಯನ್ನು ಪೈಪಿಗೆ ಸೇರಿಸುವ ಬೀಡಿನ (ಎರಕದ ಕಬ್ಬಿಣದ) ಭಾಗ, ಬಿರುಕು ಬಿಟ್ಟಿದೆ, ಕೆಳಗಿನ ಪೈಪು ಸೇರುವ ಜಾಗದ ಹತ್ತಿರ.

ಹೇಗೂ ಬಿಚ್ಚಲೇಬೇಕು, ಅದರ ಬದಲು ತೆಳು ಪೈಪುಗಳಿಂದ ಮಾಡಿದ ಹೆಡರ್ ಹಾಕಿಬಿಡೋಣ ಅನ್ನಿಸುತ್ತಿದೆ. ಸಾದಾ ಉಕ್ಕು, ಸ್ಟೇನ್‌ಲೆಸ್, ಸೆರಾಮಿಕ್ ಲೇಪನದ್ದು, ಮೂರೂ ಸಿಗುತ್ತವೆ. ಇಲ್ಲಿನ ಒಂದು ಅಂಗಡಿಯವರು 15 ಹಾರ್ಸ್‌ಪವರ್ ಜಾಸ್ತಿ ಬರುತ್ತದೆ ಅಂದರು. ನಿಜವಾ? ಸ್ಮಾಗ್ ಟೆಸ್ಟ್ (ಹೊಗೆ ತಪಾಸಣೆ) ತೊಂದರೆ ಏನಾದರೂ ಇದೆಯಾ? ಈಗಿರುವ ಸದ್ದೇ ಜಾಸ್ತಿ ಅಂತ ಮನೆಯಲ್ಲಿ ತಕರಾರಿದೆ, ಅದೂ ತಲೆಯಲ್ಲಿರಲಿ.

ಹಳೇಸ್ಪ್ಯಾನರ್:

15 ಎಚ್‌ಪಿ? ಆ ಅಂಗಡಿಗೆ ಮತ್ತೆ ಹೋಗಬೇಡಿ. ಹೊಸದರಲ್ಲಿ ಕಂಪನಿಯವರೇ ಈ ಗಾಡಿಗೆ ಹೇಳುತ್ತಿದ್ದದ್ದು 95, ಅದೂ ಮೊದಲ ವರ್ಷಗಳ ಲೆಕ್ಕ. ಬರೀ ನಾಲ್ಕು ಪೈಪು ಬದಲಿಸಿದರೆ 15 ಎಲ್ಲಿಂದ ಬರಬೇಕು?

ನಾಲ್ಕು ಪೈಪು ಅಂತ ಬಾಯಿಗೆ ಬಂದದ್ದು ಹೇಳಿದೆ, ನಿಜವಾಗಿ ಮೂರೇ. ಈ ಬಿ ಸೀರೀಸ್ ಎಂಜಿನ್ನಿನ ಹೆಡ್ ಬಿಚ್ಚಿ ನೋಡಿದವರಿಗೆ ಗೊತ್ತು, ಅದಕ್ಕೆ ಇರುವುದು ಒಟ್ಟು ಐದೇ ಪೋರ್ಟ್. ಇನ್‌ಲೆಟ್ ಎರಡು, ಎಕ್ಸಾಸ್ಟ್ ಮೂರು. 1ನೇ ಸಿಲಿಂಡರ್‌ಗೆ ಒಂದು, 4ಕ್ಕೆ ಒಂದು, ನಡುವಿನ 2 ಮತ್ತು 3ಕ್ಕೆ ಸೇರಿ ಒಂದು. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳು ಉರಿಯುವ ಸರದಿ, 1-3-4-2. ಅಂದರೆ ಒಂದೇ ಪೋರ್ಟ್ ಹಂಚಿಕೊಂಡ 2 ಮತ್ತು 3 ಒಂದಕ್ಕೊಂದು ಪೂರ್ತಿ ಒಂದು ಸುತ್ತು ದೂರ, ಹೊಗೆ ಡಿಕ್ಕಿ ಹೊಡೆಯುವುದಿಲ್ಲ. 1 ಮತ್ತು 4 ಕೂಡ ಹಾಗೇ. ನಿಮ್ಮ ಹಳೇ ಬೀಡಿನ ಮ್ಯಾನಿಫೋಲ್ಡನ್ನು ಕೈಯಲ್ಲಿ ಹಿಡಿದು ನೋಡಿ, ನಡುವಿನದಕ್ಕೆ ಬೇರೆ ದಾರಿ, 1-4 ಜೋಡಿಗೆ ಬೇರೆ ದಾರಿ, ಕೆಳಗೆ ಎರಡು ಪೈಪು ಉದ್ದಕ್ಕೆ ಹೋಗಿ ಆಮೇಲೆ ಒಂದಾಗುತ್ತವೆ. ಹೆಡರ್ ಮಾಡುವವನೂ ಇದನ್ನೇ ಮಾಡುತ್ತಾನೆ. ಅಬಿಂಗ್ಡನ್‌ನ ಎಂಜಿ ಕಾರ್ಖಾನೆಯವರು ಬೀಡಿನಲ್ಲೇ ಹೆಡರ್ ಎರಕ ಹೊಯ್ದು ಕೊಟ್ಟಿದ್ದಾರೆ ಅಂದುಕೊಳ್ಳಿ.

ರೇಸ್ ಕ್ಯಾಮ್, ಪೋರ್ಟ್ ಕೆಲಸ ಎಲ್ಲ ಮಾಡಿಸಿದ್ದರೆ ಮಾತು ಬೇರೆ. 1975ರಿಂದ ಅಮೆರಿಕಕ್ಕೆ ಬಂದ ರಬ್ಬರ್ ಬಂಪರ್ ಗಾಡಿಗಳ ಕಥೆಯೂ ಬೇರೆ. ಅವಕ್ಕೆ ಒಂದೇ ಸ್ಟ್ರಾಂಬರ್ಗ್ ಕಾರ್ಬುರೇಟರ್, ಇನ್‌ಲೆಟ್ ಎಕ್ಸಾಸ್ಟ್ ಎರಡೂ ಒಂದೇ ಎರಕದಲ್ಲಿ. ಅದನ್ನು ಕಿತ್ತೆಸೆದರೆ ಗಾಡಿಗೆ ಜೀವ ಬರುತ್ತದೆ. ನಿಮ್ಮದಕ್ಕೆ ಬೇಡ. ಬಿರುಕಿಲ್ಲದ ಹಳೇದೊಂದು ಹುಡುಕಿ.

ಸ್ಮಾಗ್ ಚಿಂತೆ ಬಿಡಿ. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕಿಂತ ಹಳೆಯವಕ್ಕೆ ಟೆಸ್ಟೇ ಇಲ್ಲ. 1976ರ ಗಾಡಿಯಾಗಿದ್ದರೆ ಕಾರ್ಬ್‌ನವರ, ಅಂದರೆ ಕ್ಯಾಲಿಫೋರ್ನಿಯಾದ ವಾಯು ಮಂಡಳಿಯವರ, ಒಪ್ಪಿಗೆಯ ಇಒ ನಂಬರ್ ಇರುವ ಹೆಡರನ್ನೇ ಹುಡುಕಬೇಕಿತ್ತು.

ಮೂರನೇಗೇರು:

ಹಳೇಸ್ಪ್ಯಾನರ್ ಹೇಳಿದ್ದು ಸರಿ, ಆದರೆ ಹೆಡರ್ ಹಾಕಿದವರೆಲ್ಲ ಪೆದ್ದರಲ್ಲ ಮಾರಾಯ್ರೆ. ನಾನು ಹಾಕಿದ್ದೇನೆ. ಆ ಸದ್ದು ನನಗೆ ಇಷ್ಟ, ಅಷ್ಟೇ ಕಾರಣ. ಬೀಡು ದಪ್ಪ, ಎಂಜಿನ್ ಸದ್ದು ನುಂಗುತ್ತದೆ. ತೆಳು ಪೈಪು ತಗಡಿನ ಡಬ್ಬದ ಹಾಗೆ ಝಣಗುಟ್ಟುತ್ತದೆ. ನಿಮ್ಮ ಮನೆಯಲ್ಲಿ ನಡೆಯುತ್ತದಾ ಗೊತ್ತಿಲ್ಲ :)

ಹಾಕುವುದೇ ಆದರೆ ನಾನು ಪಾಠ ಕಲಿತದ್ದು ಹೇಳುತ್ತೇನೆ. ಈ ಎಂಜಿನ್‌ನಲ್ಲಿ ಇನ್‌ಲೆಟ್ ಎಕ್ಸಾಸ್ಟ್ ಎರಡೂ ಒಂದೇ ಕಡೆ, ಗ್ಯಾಸ್ಕೆಟ್ಟೂ ಒಂದೇ. ಕೆಲವು ಸ್ಟಡ್‌ಗಳಲ್ಲಿ ಒಂದು ದಪ್ಪ ವಾಷರ್ ಅರ್ಧ ಇನ್‌ಲೆಟ್ ಫ್ಲ್ಯಾಂಜನ್ನೂ (ಹೆಡ್‌ಗೆ ಒತ್ತಿ ಕೂರುವ ಚಪ್ಪಟೆ ಅಂಚು) ಅರ್ಧ ಎಕ್ಸಾಸ್ಟ್ ಫ್ಲ್ಯಾಂಜನ್ನೂ ಒತ್ತಿ ಹಿಡಿಯುತ್ತದೆ. ಎರಡರ ದಪ್ಪ ಒಂದೇ ಇರದಿದ್ದರೆ ವಾಷರ್ ವಾರೆಯಾಗಿ ಕೂರುತ್ತದೆ, ಒಂದು ಕಡೆ ಬಿಗಿ, ಇನ್ನೊಂದು ಕಡೆ ಸೋರಿಕೆ. ನನ್ನ ಹೆಡರ್ ಫ್ಲ್ಯಾಂಜ್ ತೆಳುವಾಗಿತ್ತು. ಮೂರು ಗ್ಯಾಸ್ಕೆಟ್ ಹಾಳು ಮಾಡಿದ ಮೇಲೆ ಬುದ್ಧಿ ಬಂತು, ವಾಷರ್‌ಗೆ ಮೆಟ್ಟಿಲು ಕೊರೆಸಿ ಸರಿಮಾಡಿದೆ. ಅದಕ್ಕೇ ಕೊಳ್ಳುವ ಮುಂಚೆ ಆ ದಪ್ಪ ಎಷ್ಟು ಅಂತ ಕೇಳಿ, ಉತ್ತರ ಕೊಡದವರ ಹತ್ತಿರ ತಗೋಬೇಡಿ.

ಇನ್ನೊಂದು, ಎಕ್ಸಾಸ್ಟ್ ಇರುವುದು ಎಡಗಡೆ. ನಮ್ಮ ಅಮೆರಿಕದ ಗಾಡಿಗಳಲ್ಲಿ ಸ್ಟೀರಿಂಗ್ ರಾಡೂ ಅದೇ ಕಡೆ. ಇಂಗ್ಲೆಂಡಿನ ಗಾಡಿಗೆ ಅಳತೆ ನೋಡಿ ಮಾಡಿದ ಹೆಡರ್ ಅಲ್ಲಿ ತಾಗಬಹುದು.

ಲೋಹದ ವಿಷಯ: 304 ಸ್ಟೇನ್‌ಲೆಸ್ ಬಿಸಿಗೆ ಸಾದಾ ಉಕ್ಕಿಗಿಂತ ಸುಮಾರು ಒಂದೂವರೆ ಪಟ್ಟು ಹಿಗ್ಗುತ್ತದೆ, ಫ್ಲ್ಯಾಂಜ್ ದಪ್ಪ ಇಲ್ಲದಿದ್ದರೆ ಸೊಟ್ಟಗಾಗುತ್ತದೆ. ಅಯಸ್ಕಾಂತ ಗಟ್ಟಿಯಾಗಿ ಅಂಟಿದರೆ ಅದು 304 ಅಲ್ಲ, 409ರಂಥದ್ದು. ಅದೂ ಕೆಟ್ಟದ್ದಲ್ಲ, ಮೇಲೆ ಕಂದು ಬಣ್ಣ ಬರುತ್ತದೆ ಅಷ್ಟೇ.

ಕೆಂಪುಬಿ72:

ಬಿಸಿಯ ಗತಿ ಏನು? ಇಲ್ಲಿ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಈಗಲೇ ಪೆಟ್ರೋಲ್ ಬಂಕಲ್ಲಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಹತ್ತಿದರೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಹೆಡರ್‌ಗೆ ಆ ಬಟ್ಟೆಯಂಥ ಪಟ್ಟಿ ಸುತ್ತಿದರೆ ಆಗುತ್ತದಾ?

ಮೂರನೇಗೇರು:

ಪಟ್ಟಿ ಬೇಡ. ತೇವ ಹಿಡಿದುಕೊಳ್ಳುತ್ತದೆ, ಸಾದಾ ಉಕ್ಕು ಒಳಗೊಳಗೇ ತುಕ್ಕು ತಿಂದು ಹೋಗುತ್ತದೆ, ನಿಮಗೆ ಕಾಣುವುದೂ ಇಲ್ಲ. ಎಸ್‌ಯುಗಳು ಕೂತಿರುವುದೇ ಎಕ್ಸಾಸ್ಟ್ ಮೇಲೆ, ಈಗಿನ ಎಥೆನಾಲ್ ಬೆರೆತ ಪೆಟ್ರೋಲ್ ಬೇಗ ಕುದಿಯುತ್ತದೆ. ಹೆಡರ್ ತಗೊಂಡರೆ ಒಳಗೂ ಹೊರಗೂ ಸೆರಾಮಿಕ್ ಲೇಪನದ್ದೇ ತಗೊಳ್ಳಿ. ಯಾವುದೇ ಹಾಕಿ, ಕಾರ್ಬುರೇಟರ್ ಕೆಳಗಿನ ಹೀಟ್ ಶೀಲ್ಡ್ ಮಾತ್ರ ತೆಗೆಯಬೇಡಿ.

ಅಂಬಿಮನೆ:

ನಾನು ಮೈಸೂರಿನವನು, ಎಂಜಿಬಿ ಓಡಿಸಿಲ್ಲ. ಆದರೆ ನಮ್ಮ ಮನೆಯ ಅಂಬಾಸಿಡರ್ ಇದೇ ಬಿ ಸೀರೀಸ್ ವಂಶ, 1489 ಸಿಸಿ, ಅದೇ ಐದು ಪೋರ್ಟ್. ಹಾಗಾಗಿ ಬಾಯಿ ಹಾಕುತ್ತಿದ್ದೇನೆ.

ಬಿರುಕು ಯಾಕೆ ಬಿಟ್ಟಿತು ಅಂತ ಯಾರೂ ಕೇಳಲೇ ಇಲ್ಲವಲ್ಲ? ನಮ್ಮದೂ ಹೀಗೇ ಸೀಳಿತ್ತು. ಗ್ಯಾಸ್ ವೆಲ್ಡಿಂಗ್‌ನವರು ಇದ್ದಿಲಿನ ಒಲೆಯಲ್ಲಿ ಇಡೀ ಮ್ಯಾನಿಫೋಲ್ಡ್ ಕಾಯಿಸಿ, ಬೆಸುಗೆ ಹಾಕಿ, ಬೂದಿಯಲ್ಲಿ ಹೂತು ರಾತ್ರಿಯೆಲ್ಲ ಆರಲು ಬಿಟ್ಟರು. ಬೀಡನ್ನು ದಿಢೀರ್ ಆರಿಸಿದರೆ ಪಕ್ಕದಲ್ಲೇ ಮತ್ತೆ ಒಡೆಯುತ್ತದೆ. ಕೆಲಸ ಚೆನ್ನಾಗೇ ಆಗಿತ್ತು, ಆದರೂ ಆರು ತಿಂಗಳಿಗೆ ಮತ್ತೆ ಸೀಳಿತು. ಕೊನೆಗೆ ನೋಡಿದರೆ ಎಂಜಿನ್ ಮೌಂಟಿಂಗ್ ರಬ್ಬರ್ ಸತ್ತುಹೋಗಿತ್ತು. ಎಂಜಿನ್ ಅಲ್ಲಾಡುತ್ತದೆ, ಪೈಪು ಹಿಂದೆ ಬಿಗಿಯಾಗಿ ಕಟ್ಟಿಕೊಂಡಿದೆ, ನಡುವೆ ಸಿಕ್ಕ ಮ್ಯಾನಿಫೋಲ್ಡ್ ಏನು ಮಾಡಬೇಕು ಪಾಪ. ಮೊದಲು ಅದನ್ನು ನೋಡಿ. ಇಲ್ಲದಿದ್ದರೆ ಸ್ಟೇನ್‌ಲೆಸ್ ಹೆಡರೂ ಸೀಳುತ್ತದೆ.

ಕೆಂಪುಬಿ72:

ಅಂಬಿಮನೆಯವರಿಗೆ ಒಂದು ಬೈಟು ಕಾಫಿ ಬಾಕಿ. ಜಾಕ್ ಕೊಟ್ಟು ನೋಡಿದೆ, ಎಡಗಡೆ ಮೌಂಟಿಂಗ್ ಎರಡು ತುಂಡು. ಎರಡೂ ಕಡೆ ಹೊಸದು ಹಾಕಿದೆ. ಬಿರುಕಿಲ್ಲದ ಹಳೇ ಬೀಡಿನ ಮ್ಯಾನಿಫೋಲ್ಡ್ ಸಿಕ್ಕಿತು. ಸ್ಕೇಲ್ ಇಟ್ಟು ನೋಡಿದರೆ ನಡುವೆ ಬೆಳಕು ಕಾಣುತ್ತಿತ್ತು, ಅದಕ್ಕೆ ಇನ್‌ಲೆಟ್ ಜೊತೆ ಸೇರಿಸಿ ಎರಡರ ಮುಖವನ್ನೂ ಮೆಷಿನ್‌ನಲ್ಲಿ ಒಂದೇ ಮಟ್ಟಕ್ಕೆ ಸಮ ಮಾಡಿಸಿದೆ. ಹೊಸ ಗ್ಯಾಸ್ಕೆಟ್, ಹಿತ್ತಾಳೆ ನಟ್ಟು. ಮೂರು ಸಲ ಬಿಸಿ ಮಾಡಿ ಆರಿಸಿ ಮತ್ತೆ ಬಿಗಿ ಮಾಡಿದ್ದೇನೆ. ಇವತ್ತು ಬೆಳಿಗ್ಗೆ ಚಳಿಯಲ್ಲಿ ಸ್ಟಾರ್ಟ್ ಮಾಡಿದೆ, ಟಿಕ್ ಟಿಕ್ ಇಲ್ಲ. ಈಗ ಕೇಳುತ್ತಿರುವುದು ನಿಜವಾದ ಟ್ಯಾಪೆಟ್ ಸದ್ದು, ಆ ಭಾನುವಾರ ನಾನು ಸರಿಯಾಗಿ ಸೆಟ್ ಮಾಡಿಲ್ಲ ಅಂತ ಕಾಣುತ್ತದೆ.

ಸೀಳಿದ ಹಳೇದು ಗ್ಯಾರೇಜಲ್ಲಿ ಬಿದ್ದಿದೆ. ಬೆಸುಗೆ ಕಲಿಯಲು ಯಾರಿಗಾದರೂ ಬೇಕಿದ್ದರೆ ಹೇಳಿ, ಬಂದು ತಗೊಂಡು ಹೋಗಬೇಕು, ಆ ಭಾರವನ್ನು ಪೋಸ್ಟ್ ಮಾಡಲು ನನ್ನಿಂದಾಗದು.